ಎರವಲು ಎದೆಬಡಿತ

ಬೀಗ ರಿಪೇರಿಯವನಿಗೆ ಹುಟ್ಟಿನಿಂದಲೇ ಹೆದರಿಕೆ ಜಾಸ್ತಿ. ಬೀದಿಯವರ ಬೀಗಗಳನ್ನೆಲ್ಲ ಸರಿಮಾಡಿ ಕೊಡುವವನು, ತನ್ನ ಅಂಗಡಿಗೆ ಬೀಗ ಹಾಕಿದ ಮೇಲೆ ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆದು ನೋಡುತ್ತಿದ್ದ. ಅಂಥವನು ಪ್ರತಿ ಭಾನುವಾರ ಬ್ಯಾಟು ಹಿಡಿದು ಮೈದಾನಕ್ಕೆ ಹೋಗುತ್ತಿದ್ದ ಅಂದರೆ ಹೊಸಬರು ನಂಬುತ್ತಿರಲಿಲ್ಲ. ಆದರೆ ನಿಜ. ಕ್ರೀಸಿನಲ್ಲಿ ನಿಂತಾಗ ಹೆದರುವುದಕ್ಕೆ ಒಂದೇ ಒಂದು ಚೆಂಡು ಇರುತ್ತದೆ. ಮಿಕ್ಕ ಹೆದರಿಕೆಗಳೆಲ್ಲ ಬೌಂಡರಿ ಗೆರೆಯ ಆಚೆ ಕೂತು ಕಾಯುತ್ತವೆ. ವಾರಕ್ಕೊಮ್ಮೆ ಅಷ್ಟು ಸುಖ ಸಿಕ್ಕರೆ ಅವನಿಗೆ ಸಾಕಿತ್ತು.

ಆ ಸುಖಕ್ಕೂ ಕಲ್ಲು ಬಿತ್ತು. ಒಂದು ಭಾನುವಾರ ಮೂರನೇ ರನ್ನಿಗೆ ಓಡುವಾಗ ಕಣ್ಣು ಕತ್ತಲಾಗಿ ಪಿಚ್ಚಿನ ನಡುವೆಯೇ ಕೂತುಬಿಟ್ಟ. ಸುದ್ದಿ ಅವನಿಗಿಂತ ಮೊದಲು ಮನೆ ಸೇರಿತು. ಹೆಂಡತಿ ಅವನನ್ನು ಎಳೆದುಕೊಂಡು ಹೋಗಿ ಡಾಕ್ಟರ ಮುಂದೆ ಕೂರಿಸಿದಳು. ಮುಂದಿನ ಭಾನುವಾರ ಬೆಳಿಗ್ಗೆ ಡಾಕ್ಟರು ಅವನ ಎದೆಗೆ ಬಣ್ಣಬಣ್ಣದ ವೈರುಗಳನ್ನು ಅಂಟಿಸಿ, ಸೊಂಟಕ್ಕೆ ಸೋಪಿನ ಡಬ್ಬಿಯಷ್ಟು ಒಂದು ಮೆಷಿನ್ನು ಕಟ್ಟಿದರು.

"ನಾಳೆ ಬೆಳಿಗ್ಗೆವರೆಗೆ ನಿಮ್ಮ ಎದೆ ಹೇಗೆ ಬಡಿದುಕೊಳ್ಳುತ್ತೆ ಅಂತ ಇದು ಬರ್ಕೊಳ್ಳುತ್ತೆ. ಸ್ನಾನ ಬೇಡ, ಓಟ ಬೇಡ. ಏನಾದರೂ ಏರುಪೇರು ಕಂಡರೆ ಕ್ರಿಕೆಟ್ಟು ಅವತ್ತಿಗೇ ಬಂದ್. ಬ್ಯಾಟನ್ನ ಮನೆಯವರಿಗೆ ಬಟ್ಟೆ ಒಗೆಯೋಕೆ ಕೊಟ್ಟುಬಿಡಿ."

"ಈಗಲೇ ಕೊಟ್ಟರೂ ಅಡ್ಡಿಯಿಲ್ಲ ಡಾಕ್ಟ್ರೇ," ಅಂದಳು ಹೆಂಡತಿ.

ಅವತ್ತೇ ಮಧ್ಯಾಹ್ನ ಫೈನಲ್ಲು. ದಾರಿಯಲ್ಲೇ ಎದುರುಮನೆ ಟೈಲರು ಅಡ್ಡ ಸಿಕ್ಕ. ಅವನೇ ತಂಡದ ಕ್ಯಾಪ್ಟನ್ನು. ಹೆಂಡತಿ ಮುಂದೆ ಹೋಗಲಿ ಅಂತ ಕಾದಿದ್ದು, ಬೀಗದವನ ತೋಳು ಹಿಡಿದ.

"ನೀನಿಲ್ಲದೆ ಹತ್ತೇ ಜನ ಕಣಯ್ಯಾ. ಹತ್ತು ಜನ ಇದ್ದರೆ ಅವರು ಆಡೋಕೇ ಒಪ್ಪಲ್ಲ. ಕಪ್ಪು ಆ ಕಡೆಯವರಿಗೆ ಹೋಗುತ್ತೆ."

"ಇದು ಎಲ್ಲಾ ಬರ್ಕೊಳ್ಳುತ್ತಪ್ಪಾ. ನಾನು ಪ್ಯಾಡು ಕಟ್ಟಿದರೂ ಗೊತ್ತಾಗಿಬಿಡುತ್ತೆ," ಎಂದು ಬೀಗದವನು ಮೆಷಿನ್ನನ್ನು ಅಂಗಿಯ ಮೇಲಿಂದಲೇ ಮುಟ್ಟಿದ. ನಿದ್ದೆ ಮಾಡುತ್ತಿರುವ ನಾಯಿಯನ್ನು ಮುಟ್ಟುವ ಹಾಗೆ ಮುಟ್ಟಿದ.

"ಹಾಗಾದ್ರೆ ಮಧ್ಯಾಹ್ನದ ಮಟ್ಟಿಗೆ ಇನ್ನೊಬ್ಬರ ಎದೆಗೆ ಹಾಕೋಣ. ಎಲ್ಲಕ್ಕಿಂತ ತಣ್ಣಗಿರೋ ಎದೆ ಯಾರದು ಹೇಳು?"

ಇಬ್ಬರ ಬಾಯಲ್ಲೂ ಒಂದೇ ಉತ್ತರ ಬಂತು. "ಕಂಬ."

ಕಂಬ ಅಂದರೆ ಬೀಗದವನ ಮಾವ. ಮಗಳ ಮನೆಯಲ್ಲೇ ಇದ್ದರು. ಎಷ್ಟೋ ವರ್ಷದಿಂದ ಆ ಮೈದಾನಕ್ಕೆ ಅವರೇ ಅಂಪೈರು. ಹನ್ನೊಂದು ಜನ ಒಟ್ಟಿಗೆ ಮುಖದ ಮುಂದೆ ನಿಂತು ಕಿರುಚಿದರೂ ರೆಪ್ಪೆ ಹೊಡೆಯುತ್ತಿರಲಿಲ್ಲ. ಅದಕ್ಕೇ ಆ ಹೆಸರು. ಅಳಿಯ ಅಂತ ಒಂದು ಚೆಂಡಿನಷ್ಟೂ ದಾಕ್ಷಿಣ್ಯ ತೋರಿಸಿದವರಲ್ಲ. ಚೆಂಡು ಕಾಲಿಗೆ ತಾಗಿತೋ, ಬೆರಳು ಮೇಲೆ.

"ಕೊಡಿ ಇಲ್ಲಿ ಅಳಿಯಂದಿರೇ," ಅಂದರು ಮಾವ. "ನನ್ನ ಎದೆಗೇನಾಗುತ್ತೆ? ಕೋಟಿನ ಒಳಗಿದ್ದರೆ ಯಾರಿಗೂ ಕಾಣೋದೂ ಇಲ್ಲ."

ಟೈಲರಂಗಡಿಯಲ್ಲಿ ಬಟ್ಟೆ ಹಾಕಿ ನೋಡುವ ಪರದೆಯ ಹಿಂದೆ ಮೂವರೂ ಸೇರಿಕೊಂಡರು. ಒಬ್ಬರಿಗೆ ಮಾಡಿದ ಜಾಗ ಅದು. ಯಾವ ವೈರು ಎಲ್ಲಿ ಅನ್ನುವುದು ತಪ್ಪಬಾರದಲ್ಲ. ಟೈಲರು ತನಗೆ ಗೊತ್ತಿದ್ದ ರೀತಿಯಲ್ಲೇ ಮಾಡಿದ. ಅಳಿಯನ ಎದೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕತ್ತಿನಿಂದ ಎಷ್ಟು, ಕಂಕುಳಿಂದ ಎಷ್ಟು ಅಂತ ಟೇಪಿನಲ್ಲಿ ಅಳೆದು, ಅದೇ ಅಳತೆಯನ್ನು ಮಾವನ ಎದೆಯ ಮೇಲೆ ಬರೆದ. "ನಿಮ್ಮದು ಎದೆ ಸ್ವಲ್ಪ ಅಗಲ. ಪಕ್ಕದಲ್ಲಿ ಒಂದಿಂಚು ಬಿಡ್ತೀನಿ," ಅಂದ. ಆಮೇಲೆ ಅಳಿಯನ ಮೈಯಿಂದ ಅಂಟನ್ನು ಚರ್ರನೆ ಕಿತ್ತ. ಕೂದಲೂ ಜೊತೆಗೆ ಬಂತು.

"ಅಯ್ಯಯ್ಯೋ ಸತ್ತೆ!"

ಹೊರಗೆ ಬ್ಲೌಸಿಗಾಗಿ ಕಾಯುತ್ತಿದ್ದ ಹೆಂಗಸು ಎದ್ದು ನಿಂತಳು. "ಏನ್ರೀ ಟೈಲರೇ, ಅಳತೆ ತಗೋತಿದೀರೋ ಚರ್ಮ ತಗೋತಿದೀರೋ? ನನ್ನ ಬಟ್ಟೆ ವಾಪಸ್ ಕೊಡಿ, ನಾನು ಬೇರೆ ಕಡೆ ಹೊಲಿಸ್ಕೋತೀನಿ."

ಮನೆಯಲ್ಲಿ "ಬರೀ ನೋಡೋಕೆ ಹೋಗ್ತೀನಿ" ಅಂತ ಒಪ್ಪಿಗೆ ಪಡೆದು, ಬೀಗದವನು ಮೈದಾನ ಸೇರಿದ. ತಂಡದ ಕೊನೆಯ ಆಟಗಾರನಾದ್ದರಿಂದ ಬಹಳ ಹೊತ್ತು ಮರದ ನೆರಳಲ್ಲಿ ಹೆದರುತ್ತಾ ಕೂತ. ಒಂಬತ್ತನೆಯವನೂ ಔಟಾದ. ಗೆಲ್ಲಲು ಇನ್ನು ಐದು ರನ್ನು. ಕಾಲಿಗೆ ಪ್ಯಾಡು ಕಟ್ಟಿ ಇನ್ನೇನು ಹೊರಡಬೇಕು, ಗೇಟಿನ ಹತ್ತಿರ ನೀರಿನ ಬಾಟ್ಲಿ ಹಿಡಿದು ಹೆಂಡತಿ ಬರುತ್ತಿದ್ದಾಳೆ!

ಬೀಗದವನ ರಕ್ತವೆಲ್ಲ ಅಂಗಾಲಿಗೆ ಇಳಿಯಿತು. ಪಕ್ಕದಲ್ಲಿ ಯಾರದೋ ಸ್ಕೂಟರ್ ನಿಂತಿತ್ತು. ಅದರ ಹೆಲ್ಮೆಟ್ಟನ್ನು ಎತ್ತಿ ತಲೆಗೆ ತುರುಕಿ, ಮುಂದಿನ ಗಾಜನ್ನು ಎಳೆದುಕೊಂಡು, ಪಿಚ್ಚಿಗೆ ಓಡಿದ. ಆ ಗಾಜೋ ಕಪ್ಪು. ಹಾಡುಹಗಲೇ ಅವನಿಗೆ ಸಂಜೆಯಾಯಿತು.

"ನಮ್ಮೋರೆಲ್ಲಿ?" ಹೆಂಡತಿ ಟೈಲರನ ಪಕ್ಕ ಬಂದು ಕೂತಳು. "ನೀರು ಮರೆತು ಬಂದಿದ್ದಾರೆ."

"ಇಲ್ಲೇ ಎಲ್ಲೋ ಹೋದರಕ್ಕಾ. ಈಗ ಬರ್ತಾರೆ."

"ಅದ್ಯಾರು ರಬ್ಬರ್ ಚೆಂಡಿಗೆ ಸ್ಕೂಟರ್ ಹೆಲ್ಮೆಟ್ ಹಾಕಿರೋದು?"

"ಹೊಸಬ. ಬಹಳ ಹುಷಾರಿನ ಮನುಷ್ಯ."

"ಪಾಪ, ಬ್ಯಾಟು ಹಿಡಿಯೋಕೇ ಬರಲ್ಲ. ನಮ್ಮೋರೇ ವಾಸಿ," ಅಂದಳು. ಹೆಲ್ಮೆಟ್ಟಿನೊಳಗೆ ಅದು ಕೇಳಿಸಲಿಲ್ಲ. ಕೇಳಿಸಿದ್ದರೆ ಅವನ ಜನ್ಮದಲ್ಲಿ ಸಿಕ್ಕ ಮೊದಲ ಹೊಗಳಿಕೆಯಾಗುತ್ತಿತ್ತು.

ಮೊದಲ ಚೆಂಡು ಕಾಣಿಸಲಿಲ್ಲ. ಎರಡನೆಯದು ತಾನಾಗಿ ಬ್ಯಾಟಿಗೆ ಬಡಿದು ಬೌಂಡರಿಗೆ ಹೋಯಿತು. ಇನ್ನೊಂದೇ ರನ್ನು. ಮೂರನೆಯದು ಪ್ಯಾಡಿಗೆ ಬಡಿಯಿತು. ಹನ್ನೊಂದು ಜನವೂ ಮಾವನ ಕಡೆ ತಿರುಗಿ "ಹೌಝಾಟ್!" ಅಂತ ಕೂಗಿದರು. ಮಾವ ಕಂಬದ ಹಾಗೆ ನಿಂತಿದ್ದರು. ನಿಂತೇ ಇದ್ದರು. ಆಮೇಲೆ ನಿಧಾನವಾಗಿ ಬೆರಳು ಮೇಲೆದ್ದಿತು.

ತಂಡ ಸೋತಿತು. ಬೀಗದವನಿಗೆ ಅಳುವುದಕ್ಕೂ ಪುರಸೊತ್ತಿರಲಿಲ್ಲ; ತಂಡದವರ ಪಕ್ಕದಲ್ಲಿ ಹೆಂಡತಿ ಕೂತಿದ್ದಾಳೆ. ತಿರುಗಿ ಎದುರು ದಿಕ್ಕಿಗೆ ಓಡಿ, ಕಾಂಪೌಂಡು ಹತ್ತಿ, ಪ್ಯಾಡು ಹೆಲ್ಮೆಟ್ಟಿನ ಸಮೇತ ಆಚೆಗೆ ಧುಮುಕಿದ.

"ಅಯ್ಯೋ, ಯಾಕೆ ಆ ಕಡೆ ಹಾರಿದ?"

"ಅವನ ಮನೆ ಆ ಕಡೆ ಅಕ್ಕಾ," ಅಂದ ಟೈಲರು. ಹಿಂದೆ ಸ್ಕೂಟರಿನವನು ಹೆಲ್ಮೆಟ್ಟಿಗಾಗಿ ಬೊಬ್ಬೆ ಹಾಕತೊಡಗಿದ್ದ.

ಸಂಜೆ ಅದೇ ಪರದೆಯ ಹಿಂದೆ ವೈರುಗಳು ಹಳೇ ಎದೆಗೆ ಮರಳಿದವು. ಬೀಗದವನು ರಾತ್ರಿ ನೆಮ್ಮದಿಯಾಗಿ ಮಲಗಿದ. ಕಪ್ಪು ಹೋದರೇನು, ಕಂಬದ ಎದೆಬಡಿತ ಮೆಷಿನ್ನಿನಲ್ಲಿ ಭದ್ರವಾಗಿದೆ, ಆಟ ಉಳಿಯಿತು.

ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಡಾಕ್ಟರ ಎದುರು ಕೂತರು. ಮಾವ ಹೊರಗಿನ ಬೆಂಚಿನಲ್ಲಿದ್ದರು. ಡಾಕ್ಟರು ಕಂಪ್ಯೂಟರ್ ನೋಡುತ್ತಾ ನೋಡುತ್ತಾ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಬೆಳಿಗ್ಗೆ ಬಡಿತ ಜೋರು. ಅದು ಬರೀ ಹೆದರಿಕೆ, ಅಪಾಯವಿಲ್ಲ. ರಾತ್ರಿ ಚೆನ್ನಾಗಿದೆ. ಮಧ್ಯಾಹ್ನ ಮಾತ್ರ..." ಅವರ ದನಿ ಇಳಿಯಿತು. "ಆಗಾಗ ಹುಚ್ಚು ಕುದುರೆ ಹಾಗೆ ಓಡಿದೆ. ಕೊನೆಯಲ್ಲಂತೂ ಬಡಿತಾನೇ ತಪ್ಪಿದೆ. ಇದು ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಬೇಕಾದ ಎದೆ. ತಡ ಮಾಡಿದರೆ ನಾನು ಜವಾಬ್ದಾರನಲ್ಲ. ಆಗ ಏನು ಮಾಡ್ತಿದ್ರಿ?"

"ಬರೀ ಮ್ಯಾಚು ನೋಡ್ತಿದ್ರು ಡಾಕ್ಟ್ರೇ!" ಹೆಂಡತಿ ಗಂಡನ ಕೈ ಹಿಡಿದುಕೊಂಡಳು. ಆ ಕೈ ಮಂಜಿನ ಹಾಗೆ ತಣ್ಣಗಿತ್ತು.

ಬಾಯಿ ಬಿಟ್ಟರೆ ಹೆಂಡತಿ. ಬಿಡದಿದ್ದರೆ ಹೊರಗೆ ಬೆಂಚಿನ ಮೇಲೆ, ಏನೂ ಅರಿಯದೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿರುವ ಆ ಮುದುಕ. ಬೀಗದವನು ಎಂದೂ ಇಷ್ಟು ಹೆದರಿರಲಿಲ್ಲ.

"ಅದು ನನ್ನ ಎದೆಯಲ್ಲ," ಅಂದ. "ಮಾವಂದು."

ಮುಂದೆ ಹೆಂಡತಿ ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಡಾಕ್ಟರು ಮಾವನನ್ನು ಒಳಗೆ ಕರೆದು ಕೇಳಿದರು.

"ಏನು ಹೇಳಲಿ ಡಾಕ್ಟ್ರೇ," ಮಾವ ತಲೆ ತಗ್ಗಿಸಿದರು. "ಆ ಹುಡುಗರು ಕೂಗಿದಾಗೆಲ್ಲ ನನಗೆ ಜೀವ ಬಾಯಿಗೆ ಬರುತ್ತೆ. ಕಾಲು ಕೀಳೋಕಾಗಲ್ಲ. ಅವರು ನನ್ನನ್ನ ಕಂಬ ಅಂತಾರೆ."

"ನಿನ್ನೆ ಕೊನೆಯಲ್ಲಿ ಏನಾಯ್ತು?"

"ಅಳಿಯಂದಿರು ಬ್ಯಾಟ್ ಮಾಡೋಕೆ ಬಂದ್ರು. ಮಗಳ ಗಂಡ ನೋಡಿ, ಬಿದ್ದುಬಿಟ್ರೆ ಅಂತ ಭಯ. ಅದಕ್ಕೆ ಯಾವಾಗಲೂ ಬೇಗ ಕೈ ಎತ್ತಿಬಿಡ್ತೀನಿ. ಹೋಗಿ ನೆರಳಲ್ಲಿ ಕೂತ್ಕೊಳ್ಳಲಿ ಅಂತ."

"ಅಂದ್ರೆ ನಾನು ಔಟಾಗಿರಲಿಲ್ವಾ ಮಾವ?"

"ನಿನ್ನೆ ಇಲ್ಲ. ಅದಕ್ಕೆ ಮುಂಚೆಯೂ... ಇಷ್ಟು ವರ್ಷದಲ್ಲಿ ನಿಜವಾಗಿ ಎರಡೇ ಸಲ ಆಗಿದ್ರಿ ಅಂತ ಕಾಣುತ್ತೆ."

ಮಾವನನ್ನು ಅವತ್ತೇ ಆಸ್ಪತ್ರೆಗೆ ಸೇರಿಸಿದರು. ಸಮಯಕ್ಕೆ ಬಂದಿರಿ ಅಂದರು ಅಲ್ಲಿಯವರು, ಜೀವ ಉಳಿಯಿತು. ಮೈದಾನದ ಕಡೆ ತಲೆ ಹಾಕಬಾರದು ಅಂತ ಕಟ್ಟಪ್ಪಣೆಯಾಯಿತು. ಬೀಗದವನಿಗೆ ಮತ್ತೊಮ್ಮೆ ಮೆಷಿನ್ನು ಕಟ್ಟಿ ನೋಡಿದರೆ ಎದೆ ಗಟ್ಟಿ. ಅವತ್ತು ಆಗಿದ್ದು ಬಿಸಿಲಿನ ಬಳಲಿಕೆಯಂತೆ. "ಆಡಲಿ ಬಿಡಿ," ಅಂದರು ಡಾಕ್ಟರು, "ಆದರೆ ಮನೆಯವರು ಯಾರಾದರೂ ಹತ್ತಿರದಲ್ಲೇ ಇದ್ದು ನೋಡಿಕೊಳ್ಳಲಿ."

ಬೀಗದವನಿಗೆ ಕುಣಿಯುವಂತಾಯಿತು. ಆಟ ಉಳಿದಿದೆ, ಎದೆ ಗಟ್ಟಿಯಿದೆ, ಬೆರಳೆತ್ತುವ ಮಾವ ಮನೆಯಲ್ಲಿದ್ದಾರೆ. ಹೊಸ ಅಂಪೈರು ಯಾರೇ ಬರಲಿ, ಈ ಸಲ ಮನಸಾರೆ ಆಡಬಹುದು.

ಮುಂದಿನ ಭಾನುವಾರ ಹೆಲ್ಮೆಟ್ಟಿಲ್ಲದೆ ಕ್ರೀಸಿಗೆ ಹೋಗಿ ನಿಂತು ತಲೆ ಎತ್ತಿದ. ಎದುರು ವಿಕೆಟ್ಟಿನ ಹಿಂದೆ, ಮಾವನ ಬಿಳಿ ಕೋಟು ತೊಟ್ಟು, ಕೈಯಲ್ಲಿ ನೀರಿನ ಬಾಟ್ಲಿ ಹಿಡಿದು ಹೆಂಡತಿ ನಿಂತಿದ್ದಳು.

ಚೆಂಡು ಬಂತು. ಕಾಲಿಗೆ ತಾಗಲೂ ಇಲ್ಲ, ದೂರದಲ್ಲೇ ಹೋಯಿತು. ಯಾರೂ ಕೂಗಲಿಲ್ಲ. ಬೆರಳು ಮೇಲೆದ್ದಿತು.

"ಯಾಕೇ?" ಅಂದ ಬೀಗದವನು.

"ಮುಖ ಬೆವರ್ತಿದೆ ರೀ," ಅಂದಳು. "ಹೋಗಿ, ನೆರಳಲ್ಲಿ ಕೂತ್ಕೊಳ್ಳಿ."