ಕೊಂಡಪ್ಪನ ಬಿಟ್ಟಿ ಪಥ್ಯ

ದೊಡ್ಡಬಳ್ಳಾಪುರದ ಕೊಂಡಪ್ಪನಿಗೆ ರಕ್ತದೊತ್ತಡ ಬಂದದ್ದಕ್ಕಿಂತ, ಅದು ಸಾಯುವ ತನಕ ಖರ್ಚು ಕೇಳುವ ಕಾಯಿಲೆ ಎಂದು ತಿಳಿದದ್ದೇ ದೊಡ್ಡ ಆಘಾತವಾಯಿತು. ಮನೆಯ ಪಡಸಾಲೆಯಲ್ಲಿ ಎರಡು ಮಗ್ಗ ಹಾಕಿಕೊಂಡು ಸೀರೆ ನೇಯುತ್ತಿದ್ದವನು ಒಂದು ಬೆಳಗ್ಗೆ ತಲೆ ತಿರುಗಿ ಮಗ್ಗದ ಮುಂದೆಯೇ ಕುಸಿದು ಕುಳಿತ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿ, ದಿನಾ ಮಾತ್ರೆ ನುಂಗಬೇಕೆಂದರು. ಎಷ್ಟು ದಿನ ಎಂದು ಕೇಳಿದ. ಇರುವಷ್ಟು ದಿನ ಎಂದರು. ಜೊತೆಗೆ ಉಪ್ಪು ಕಡಿಮೆ ಮಾಡು, ಮಧ್ಯಾಹ್ನ ಮಲಗು, ಕೋಪ ಮಾಡಿಕೊಳ್ಳಬೇಡ ಎಂದೂ ಹೇಳಿ ಕಳಿಸಿದರು.

ಕೊಂಡಪ್ಪ ದಾರಿಯುದ್ದಕ್ಕೂ ಯೋಚಿಸಿದ. ನೇಯುವ ಸೀರೆಗೂ ಒಂದು ಕೊನೆಯಿದೆ, ಮಗಳ ಮದುವೆಯ ಖರ್ಚಿಗೂ ಕೊನೆಯಿತ್ತು, ಈ ಮಾತ್ರೆಗೆ ಮಾತ್ರ ಇಲ್ಲ. ಆದರೆ ಡಾಕ್ಟರು ಹೇಳಿದ ಉಳಿದದ್ದೆಲ್ಲ ಬಿಟ್ಟಿ. ಬಿಟ್ಟಿಯದನ್ನು ನಿಷ್ಠೆಯಿಂದ ಪಾಲಿಸಿದರೆ ದುಡ್ಡಿನದು ಯಾಕೆ? ತಂದ ಮಾತ್ರೆ ಮುಗಿದ ಮೇಲೆ ಅವನು ಔಷಧಿ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಪಥ್ಯ ಶುರುವಾಯಿತು. ಉಪ್ಪಿಲ್ಲದ ಸಾರು ಉಂಡು ನಾಲಿಗೆ ಸತ್ತುಹೋಗಿ, ಸಂಜೆ ಸಂಜೆ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿನ್ನತೊಡಗಿದ. (ಡಾಕ್ಟರು ಹೇಳಿದ್ದು ಮನೆಯ ಉಪ್ಪಿನ ವಿಚಾರ ಎಂಬುದು ಅವನ ವ್ಯಾಖ್ಯಾನ.) ಮಧ್ಯಾಹ್ನ ಮಲಗಬೇಕಲ್ಲ, ಆಗ ಮಗ್ಗ ನೋಡಿಕೊಳ್ಳಲು ಮುನಿಶಾಮಪ್ಪ ಎಂಬವನನ್ನು ಕೂಲಿಗೆ ಇಟ್ಟ. ಮಗ್ಗದ ಸದ್ದೇ ಜೋಗುಳವಾಗಿ ಸುಖವಾಗಿ ಗೊರಕೆ ಹೊಡೆದ. ಇನ್ನು ಕೋಪ. ತನಗೆ ಕೋಪ ಬರಿಸುವ ಯಾವ ಸುದ್ದಿಯನ್ನೂ ಕಿವಿಗೆ ಹಾಕಕೂಡದೆಂದು ಹೆಂಡತಿ ಗಂಗಲಕ್ಷ್ಮಮ್ಮನಿಗೆ ಕಟ್ಟಪ್ಪಣೆ ಹೊರಡಿಸಿದ. ಆಕೆ ಆಗಲಿ ಎಂದಳು. ಮನೆ ತಣ್ಣಗಾಯಿತು. ಖರ್ಚಿಲ್ಲದೆ ಕಾಯಿಲೆ ಗೆದ್ದೆನೆಂದು ಕೊಂಡಪ್ಪ ಬೀದಿಯಲ್ಲೆಲ್ಲ ಹೇಳಿಕೊಂಡ.

ಮೂರು ತಿಂಗಳಾಗುವ ಹೊತ್ತಿಗೆ ಸೀರೆ ಕೊಳ್ಳುವ ಸಾಹುಕಾರರು ಒಂದು ಗಂಟು ಸೀರೆಯನ್ನೇ ವಾಪಸು ಕಳಿಸಿದರು. ಎಳೆ ಕಡಿದರೂ ಕಟ್ಟದೆ ಮುನಿಶಾಮಪ್ಪ ಮಗ್ಗ ಓಡಿಸಿದ್ದ. ಸೀರೆಗಳ ಉದ್ದಕ್ಕೂ ಗೀರು. ವರ್ಷಗಟ್ಟಲೆ ಮಾತ್ರೆ ತರಬಹುದಾಗಿದ್ದ ದುಡ್ಡು ಪಡಸಾಲೆಯಲ್ಲಿ ಬಿಚ್ಚಿಕೊಂಡು ಬಿದ್ದಿತ್ತು.

"ಇದು ನಿನಗೆ ಮೊದಲೇ ಗೊತ್ತಿತ್ತಾ?" ಎಂದು ಹೆಂಡತಿಯನ್ನು ಕೇಳಿದ.

"ಗೊತ್ತಿತ್ತು."

"ಹೇಳೋಕೇನಾಗಿತ್ತು?"

"ಹೇಳಿದ್ರೆ ಕೋಪ ಬರ್ತಿತ್ತಲ್ಲ, ಅದಕ್ಕೇ ಹೇಳ್ಲಿಲ್ಲ."

ಕೂಗಾಡಲೆಂದು ಎದ್ದ ಕೊಂಡಪ್ಪ ಕಣ್ಣು ಕತ್ತಲಿಟ್ಟು ಹೊಸ್ತಿಲ ಮೇಲೆ ಕುಳಿತುಬಿಟ್ಟ. ಗಂಗಲಕ್ಷ್ಮಮ್ಮನ ಮುಖದ ಮೇಲಿದ್ದ ನಗು ಹಾರಿಹೋಯಿತು. ಓಡಿ ಬಂದು ಅವನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು.

"ನಿಮ್ಮಣ್ಣ ಅಪ್ಪಯ್ಯಣ್ಣನೂ ಹಿಂಗೇ ಮಾತ್ರೆ ದುಡ್ಡು ಉಳಿಸಿದ್ರು. ಕೈಕಾಲು ಬಿದ್ದೋದ್ಮೇಲೆ ಮಗ್ಗಾನೇ ಮಾರ್ಬೇಕಾಯ್ತು," ಎಂದಳು. "ಸೀರೆ ಹೋದ್ರೆ ಇನ್ನೊಂದು ನೇಯ್ಬೋದು. ನಿಮ್ಮನ್ನ ಯಾವ ಮಗ್ಗದಲ್ಲಿ ನೇಯ್ಲಿ?"

ಸುಧಾರಿಸಿಕೊಂಡ ಮೇಲೆ ಕೊಂಡಪ್ಪ ಆಕೆಯ ಹಿಂದೆ ಆಸ್ಪತ್ರೆಗೆ ನಡೆದ. ಡಾಕ್ಟರು ಚೆನ್ನಾಗಿ ಬೈದು, ಮೊದಲು ಒಂದಿದ್ದ ಮಾತ್ರೆಯನ್ನು ಎರಡು ಮಾಡಿದರು. ಚೌಕಾಸಿ ಮಾಡದೆ ಕೊಂಡುತಂದ.

ಸಂಜೆ ಗಂಗಲಕ್ಷ್ಮಮ್ಮ ಅವನ ಅಂಗೈಯಲ್ಲಿ ಮಾತ್ರೆಯಿಟ್ಟು, ನೀರು ಕೊಟ್ಟು, ಗಂಟಲು ಆಡುವುದನ್ನೇ ನೋಡುತ್ತ ನಿಂತಳು.

"ನುಂಗಿದ್ರಾ?"

"ನುಂಗ್ದೆ."

"ಸರಿ ಹಂಗಾದ್ರೆ," ಎಂದು ಸೆರಗು ಸರಿಮಾಡಿಕೊಂಡು ಅವನೆದುರು ಚಕ್ಕಳಮಕ್ಕಳ ಹಾಕಿ ಕುಳಿತಳು. ಅವನಿಗೆ ಕೋಪ ಬರುತ್ತದೆಂದು ಮೂರು ತಿಂಗಳಿಂದ ಹೇಳದೆ ಉಳಿಸಿಟ್ಟದ್ದನ್ನೆಲ್ಲ, ಅವನ ತಂಗಿಯ ಸುದ್ದಿಯಿಂದ ಶುರುಮಾಡಿ ಹೇಳತೊಡಗಿದಳು.