ಸಂಗಣ್ಣನ ಡಿಸ್ಕಿಗೆ ಸೂತಕ

ಅತ್ತೆಯ ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಸಂಗಣ್ಣ ಮೈಕು ಚುಚ್ಚಿ ಕೂತ ಹೊತ್ತಿಗೇ ಪರದೆಯ ಮೇಲೆ ಸಂದೇಶ ಬಂತು: ಡಿಸ್ಕಿನಲ್ಲಿ ಜಾಗವಿಲ್ಲ.

ತಪ್ಪು ಅವನದೇ. ಶಹಾಪುರದ ಕಾಲುವೆ ಕಚೇರಿಯ ಗುಮಾಸ್ತ ಸಂಗಣ್ಣ, ಮನೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿಸಿಕೊಂಡ ದಿನವೇ ಇದಕ್ಕೆ ವೈರಸ್ಸು ಮುಟ್ಟುವುದಿಲ್ಲ, ಇಟ್ಟದ್ದು ಕೆಡುವುದಿಲ್ಲ ಎಂದು ಓಣಿಗೆಲ್ಲ ಸಾರಿಬಿಟ್ಟಿದ್ದ. ಕಾಲುವೆಗೆ ನೀರು ಬಂದು, ಭತ್ತ ಬೆಳೆದು, ಓಣಿಯವರ ಕೈಗೆಲ್ಲ ಕ್ಯಾಮೆರಾ ಫೋನು ಬಂದ ಕಾಲ ಅದು. ತೊಟ್ಟಿಲು, ಮದುವೆ, ಮೆರವಣಿಗೆ ಎಲ್ಲದರ ವಿಡಿಯೊಗಳನ್ನೂ ಜನ ತಂದು ಹಗೇವಿಗೆ ಜೋಳ ಸುರಿದಂತೆ ಅವನ ಡಿಸ್ಕಿಗೆ ಸುರಿದರು. ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಇನ್ನೊಂದು ಡಿಸ್ಕು ಕೊಂಡು ಎಲ್ಲದರ ನಕಲು ಇಟ್ಟುಕೊಳ್ಳಿ ಎಂದು ರಿಪೇರಿ ಅಂಗಡಿಯ ಖಾಜಾಮಿಯಾ ಹೇಳಿದಾಗ, ಆಯ್ತು ಎಂದವನು ಅದನ್ನು ಅಲ್ಲಿಗೇ ಮರೆತಿದ್ದ.

ಇವತ್ತು ಮಾತ್ರ ಮರೆಯುವಂತಿರಲಿಲ್ಲ. ದೋರನಹಳ್ಳಿಯ ಅತ್ತೆ ದೇವಕಮ್ಮ ಬೀಸುವ ಪದ ಹೇಳುವುದರಲ್ಲಿ ಹೆಸರುವಾಸಿ. ಸಂಜೆ ಬಸ್ಸಿಗೆ ಅವಳು ಯಾದಗಿರಿಯ ಮಗನ ಮನೆಗೆ ಹೋಗುವವಳು. ನಾಳೆ ಅಲ್ಲಿ ಉಳಿದ ಹಲ್ಲುಗಳನ್ನೆಲ್ಲ ಕೀಳಿಸಿಕೊಳ್ಳುವುದು ನಿಗದಿಯಾಗಿತ್ತು.

"ಹಲ್ಲು ಹೋದ ಮ್ಯಾಲ ಅವ್ವನ ಪದದಾಗ ಬರೇ ಗಾಳಿ ಬರ್ತದ," ಎಂದಳು ಹೆಂಡತಿ ಲಾಲಮ್ಮ. "ಊರ ಮಂದೀದೆಲ್ಲಾ ಇಟ್ಕೊಂಡೀರಿ. ನಮ್ಮವ್ವಂದು ಒಂದು ಇಡಾಕ ಜಾಗ ಇಲ್ಲೇನ್ರಿ?"

ಅವಳ ಕಣ್ಣಲ್ಲಿ ನೀರು ನೋಡಿ ಸಂಗಣ್ಣ ಎದ್ದ. ಯಾರದಾದರೂ ಒಂದನ್ನು ಅಳಿಸಲು ಒಪ್ಪಿಗೆ ಕೇಳೋಣ ಎಂದು ಓಣಿಗಿಳಿದ.

ಎದುರುಮನೆಯ ರಂಗಣ್ಣನದು ಪಂದ್ಯದಲ್ಲಿ ಎತ್ತು ಕಲ್ಲು ಜಗ್ಗಿ ಗೆದ್ದ ವಿಡಿಯೊ. "ಆ ಎತ್ತು ಸತ್ತು ವರ್ಷ ಆತು ಸಂಗಣ್ಣ. ವಿಡಿಯೊದಾಗರೆ ಜಗ್ಗಾಕತ್ತದ, ಜಗ್ಗಲಿ ಬಿಡು. ಮರಿಲಿಂಗಮ್ಮನ ಮೊಮ್ಮಗಂದು ತಗಿ. ಆ ಹುಡುಗ ಜೀವಂತ ಇದ್ದಾನಲ್ಲ."

ಪಕ್ಕದ ಮನೆಯ ಮರಿಲಿಂಗಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ತಮ್ಮಾ, ತೊಟ್ಟಿಲದಾಗಿನ ಕೂಸಿನ್ನ ಅಳಿಸ್ತೀನಿ ಅಂತ ಹೊಸ್ತಿಲದಾಗ ನಿಂತು ಅಂತೀಯಲ್ಲ. ಮೊದಲು ಬಿಡ್ತು ಅನ್ನು."

ಸಂಗಣ್ಣ ಬಿಡ್ತು ಅಂದ.

"ಸುಲ್ತಾನಸಾಬನ ಮನಿ ಮದ್ವಿ ತಗಿ. ಅದರಾಗ ಮಂದಿ ಉಣ್ಣೂದು ಬಿಟ್ರ ಏನದ?" ಎಂದಳು ಅವಳು.

ಸುಲ್ತಾನಸಾಬ ಕೂರಿಸಿ ಚಹಾ ಕೊಟ್ಟ. "ನನ್ನ ಬೀಗರು ಜಗಳಾ ಇಲ್ದ ಕುಂತಿದ್ದು ಅದೊಂದ ದಿನ, ಸಂಗಣ್ಣ. ಅದಕ್ಕೊಂದು ಸಾಕ್ಷಿ ಬ್ಯಾಡೇನು?"

ಚಹಾ ಕುಡಿದು ಹೊರಬಂದ ಸಂಗಣ್ಣನ ಬುದ್ಧಿಗೆ ಮಂಕು ಕವಿಯಿತು. ನಳದ ಹತ್ತಿರ ನಿಂತವರಿಗೆಲ್ಲ ಕೇಳುವಂತೆ, "ಡಿಸ್ಕ್ ಸತ್ತದ. ಮುಂಜಾನೆನೇ ಹೋತು. ಎಲ್ಲಾರದೂ ಹೋತು," ಅಂದುಬಿಟ್ಟ. ಮನೆಗೆ ಬಂದು ಎಲ್ಲವನ್ನೂ ಅಳಿಸುವ ಒಂದು ಸಾಲಿನ ಆಜ್ಞೆ ಬರೆದು ಗುಂಡಿ ಒತ್ತಿದ. ಅವನ ಲಿನಕ್ಸು ಖರೇನಾ ಎಂದು ಎರಡನೇ ಸಲ ಕೇಳುವ ಪೈಕಿ ಅಲ್ಲ. ಎತ್ತು, ಕೂಸು, ಬೀಗರು ಎಲ್ಲ ಒಟ್ಟಿಗೆ ಮಾಯವಾದರು. ಎತ್ತಿನ ಬಗ್ಗೆ ಅವನಿಗೆ ನಿಜವಾಗಿಯೂ ಕೆಡುಕೆನಿಸಿತು.

ಅತ್ತೆಯನ್ನು ಮೈಕಿನ ಮುಂದೆ ಕೂರಿಸುವಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಸತ್ತ ಸುದ್ದಿ ಕೇಳಿದ ಮೇಲೆ ಮಾತಾಡಿಸಲು ಹೋಗದಿದ್ದರೆ ಓಣಿಯ ಮರ್ಯಾದೆ ಏನಾಗಬೇಕು? ಸಂಗಣ್ಣ ಗಡಬಡಿಸಿ ಕಂಪ್ಯೂಟರ್ ಆರಿಸಿದ. ಮರಿಲಿಂಗಮ್ಮ ರೊಟ್ಟಿ, ಪುಂಡಿಪಲ್ಯದ ಬುತ್ತಿ ತಂದಿದ್ದಳು. "ಇವತ್ತ ಒಲಿ ಹಚ್ಚಬ್ಯಾಡ ಲಾಲಮ್ಮ. ಇಂಥಾ ಹೊತ್ತಿನ್ಯಾಗ ಯಾರಿಗೆ ಅಡಿಗಿ ಮಾಡೂ ಮನಸ್ಸಿರ್ತದ."

ರಂಗಣ್ಣ ಟವೆಲು ತೆಗೆದು ಕಂಪ್ಯೂಟರಿನ ಮೇಲೆ ಹೊದಿಸಿದ. "ಕಡೀಗೆ ಏನರೆ ಅಂತೇನು?"

"ಜಾಗಿಲ್ಲ ಅಂತು," ಎಂದ ಸಂಗಣ್ಣ. ಆ ದಿನ ಅವನು ಆಡಿದ ಒಂದೇ ನಿಜ ಅದು.

"ನಾವೆಲ್ಲಾ ಹೋಗೂವ್ರೇ," ಎಂದು ಸುಲ್ತಾನಸಾಬ ಗೋಡೆಗೊರಗಿ ಕೂತ. ಆದರೆ ಯಾರೂ ಏಳುವ ಲಕ್ಷಣ ಕಾಣಲಿಲ್ಲ.

ಒಳಗೆ ದೇವಕಮ್ಮ ಕಡ್ಡಿ ಮುರಿದಂತೆ ಹೇಳಿದಳು: "ಮಂದಿ ಮಾತಾಡ್ಸಾಕ ಬಂದ ಮನ್ಯಾಗ ನಾ ಪದ ಹಾಡೂದಿಲ್ಲ."

ತಂದ ಬುತ್ತಿಯನ್ನು ತಾವೇ ಉಂಡು, ಎಲೆ ಅಡಿಕೆ ಹಾಕಿಕೊಂಡು, ಅವರು ಎದ್ದಾಗ ಬಿಸಿಲು ಇಳಿಯುತ್ತಿತ್ತು. ಸಂಗಣ್ಣ ಅಗಳಿ ಹಾಕಿ, ಟವೆಲು ಕಿತ್ತೆಸೆದು, ಯಂತ್ರ ಹಚ್ಚಿದ. ದೇವಕಮ್ಮ ಕಣ್ಣು ಮುಚ್ಚಿ ಹಾಡತೊಡಗಿದಳು. ತವರನ್ನು ನೆನೆಯುವ ಪದ ಬಂದಾಗ ಲಾಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಹಾಡು ಮುಗಿದ ಮೇಲೆ ಹಚ್ಚಿ ಕೇಳಿದರು. ಒಂದೊಂದು ಮಾತೂ ಸ್ವಚ್ಛವಾಗಿತ್ತು. ಇಂಥ ಗಂಡ ಯಾರಿಗೂ ಇಲ್ಲ ಎಂಬಂತೆ ಲಾಲಮ್ಮ ಅವನನ್ನು ನೋಡಿದಳು.

ಎಂದಿನಂತೆ ಕೀಲಿಯನ್ನು ಮರಿಲಿಂಗಮ್ಮನ ಕೈಗೆ ಕೊಟ್ಟು ಮೂವರೂ ಬಸ್ ನಿಲ್ದಾಣಕ್ಕೆ ಹೋದರು. ಬಸ್ಸು ಬಂದದ್ದೇ ಹೊತ್ತು ಮುಳುಗಿದ ಮೇಲೆ. ಅತ್ತೆಯನ್ನು ಹತ್ತಿಸಿ ಬರುವಾಗ, ಪೇಡೆ ತರುತ್ತೇನೆಂದು ಲಾಲಮ್ಮ ಅಂಗಡಿಯಲ್ಲಿ ನಿಂತಳು. ಸಂಗಣ್ಣ ಮುಂದೆ ಬಂದ.

ಮನೆಯ ಬಾಗಿಲು ತೆರೆದಿತ್ತು. ಒಳಗೆ ಓಣಿಗೆ ಓಣಿಯೇ ಸೇರಿತ್ತು. ಪರದೆಯ ಮೇಲೆ ರಂಗಣ್ಣನ ಎತ್ತು ಕಲ್ಲು ಜಗ್ಗುತ್ತಿತ್ತು, ಖಾಜಾಮಿಯಾ ಬೆವರು ಒರೆಸಿಕೊಳ್ಳುತ್ತಿದ್ದ.

"ನಿನ್ನ ಸಪ್ಪನ ಮಾರಿ ನೋಡಾಕ ಆಗಲಿಲ್ಲ ತಮ್ಮಾ," ಎಂದಳು ಮರಿಲಿಂಗಮ್ಮ. "ಅದಕ್ಕ ಇವನ್ನ ಕರಸಿದ್ವಿ."

"ಡಿಸ್ಕಿಗೇನೂ ಆಗಿಲ್ರಿ," ಎಂದ ಖಾಜಾಮಿಯಾ. "ಒಳಗಿನ ಮಾಲಷ್ಟೇ ಹೋಗಿತ್ತು. ದೀಪಾವಳ್ಯಾಗ ರಿಪೇರಿಗೆ ತಂದಾಗ ಅಚ್ಚಿಗೆ ಅಚ್ಚು ನಕಲು ಮಾಡಿ ಅಂಗಡ್ಯಾಗ ಇಟ್ಟಿದ್ನಿ. ನೀವಂತೂ ಇಡೂದಿಲ್ಲಂತ ಗೊತ್ತಿತ್ತು. ಡಿಸ್ಕ್ ಪೂರಾ ಒರಸಿ, ಅದನ್ನ ಇಳಿಸೇನಿ."

"ಇವತ್ತಿಂದು?" ಎಂದ ಸಂಗಣ್ಣ.

"ಇವತ್ತಿಂದು ಎಲ್ಲಿಂದ ಬರ್ಬೇಕ್ರಿ? ಮುಂಜಾನೆನೇ ಸತ್ತದ ಅಂದ್ರಲ್ಲ. ಎರಡು ಚಿಲ್ರಿ ಫೈಲ್ ಇದ್ವು, ಕೆಟ್ಟ ಕಸಾ ಅಂತ ಒರಸೇನಿ."

ಸಂಗಣ್ಣ ಗೋಡೆ ಹಿಡಿದು ಕೂತ. ಸಂತೋಷಕ್ಕೆ ಹಾಗಾಯಿತೆಂದು ರಂಗಣ್ಣ ಬೆನ್ನು ಸವರಿದ.

ಅಷ್ಟರಲ್ಲಿ ಲಾಲಮ್ಮ ಬಂದಳು. ಕುಣಿಯುವಷ್ಟು ಖುಷಿಯಲ್ಲಿದ್ದಳು, ಗಂಡ ಓಣಿಗೆ ಏನು ಹೇಳಿದ್ದ ಎಂಬುದು ಅವಳ ತಲೆಯಿಂದ ಹಾರಿಹೋಗಿತ್ತು. ಎಲ್ಲರ ಕೈಗೂ ಪೇಡೆ ಇಟ್ಟಳು.

"ಚಲೋ ಆತು, ಎಲ್ಲಾರೂ ಇದ್ದೀರಿ. ಕುಂದರ್ರಿ, ನಮ್ಮವ್ವನ ಪದ ಕೇಳ್ರಿ."

"ಯಾವಾಗ ಹಿಡದ್ರಿ?" ಎಂದ ರಂಗಣ್ಣ.

"ಸಂಜಿಮುಂದ, ನೀವೆಲ್ಲಾ ಎದ್ದು ಹೋದ ಮ್ಯಾಲ. ಇದರಾಗೇ."

ಪೇಡೆ ಬಾಯಿಗೊಯ್ದ ಕೈಗಳೆಲ್ಲ ನಡುವೆಯೇ ನಿಂತವು. ಓಣಿ ಪೂರ್ತಿ ತಿರುಗಿ ಸಂಗಣ್ಣನನ್ನು ನೋಡಿತು. ಲಾಲಮ್ಮ ಸೆರಗು ಸರಿಮಾಡಿಕೊಂಡು ಎಲ್ಲರಿಗಿಂತ ಮುಂದೆ, ಪರದೆಯ ಹತ್ತಿರವೇ ಕೂತಳು.

"ಹಚ್ರಿ ಮತ್ತ," ಎಂದಳು ಗಂಡನಿಗೆ. "ಎಲ್ಲಾರೂ ಕಾಯಾಕತ್ತಾರ."