ಮುಖ್ಯ ಅತಿಥಿಯ ಕುರ್ಚಿ

ಡಾಕ್ಟರ ಕೋಣೆಯಲ್ಲಿ ಆ ದಿನ ನಾಲ್ವರಿದ್ದೆವು: ಡಾಕ್ಟರು, ನಮ್ಮ ಸೋದರಮಾವ, ಅವರ ಹೆಂಡತಿ, ರಿಪೋರ್ಟುಗಳ ಫೈಲು ಹಿಡಿದ ನಾನು. ಮಾಮಾ ಅವರ ಪ್ರಕಾರ ಮಾತ್ರ ಅಲ್ಲಿದ್ದವರು ಒಬ್ಬರೇ, ಸ್ವತಃ ಮಾಮಾ!

ಲಿವರ್ ಕೆಟ್ಟಿದೆ, ಇನ್ನು ಕುಡಿದರೆ ಜೀವ ಉಳಿಯುವುದಿಲ್ಲ ಎಂದು ಡಾಕ್ಟರು ಮರಾಠಿಯಲ್ಲಿ ನೇರವಾಗಿ ಹೇಳಿದರು.

ಮಾಮಾ ನನ್ನತ್ತ ತಿರುಗಿ ನಕ್ಕರು. "ಇವರಿಗೆ ಗೊತ್ತಿಲ್ಲೋ, ನನ್ನ ಲಿವರ್ ಮಂದಿ ಲಿವರ್‌ನಂಗ ಅಲ್ಲ."

"ಹೌದ್ರಿ, ಅದಕ್ಕೊಂದು ಶಾಲು ಹೊದಸೂಣು," ಎಂದರು ಮಾಮಿ.

ರೈಲ್ವೆಯಲ್ಲಿ ಹುಬ್ಬಳ್ಳಿಯಿಂದ ನಾಗಪುರಕ್ಕೆ ವರ್ಗವಾಗಿ ಬಂದವರು ಮಾಮಾ. ನಿವೃತ್ತರಾದ ಮೇಲೂ ಗಾಡಿಗಳೆಲ್ಲ ತಮ್ಮನ್ನು ಕೇಳಿಯೇ ಹೊರಡುತ್ತವೆಂದು ನಂಬಿದ್ದರು. ಯಾರಾದರೂ ಹೊಗಳಿದರೆ ಆ ಖುಷಿಗೆ ಕುಡಿಯುತ್ತಿದ್ದರು. ಹೊಗಳದಿದ್ದರೆ ಆ ಸಿಟ್ಟಿಗೆ. ಯಾರೂ ಸಿಗದ ದಿನ? ಲೋಕ ತಮ್ಮನ್ನು ಮರೆಯಿತಲ್ಲ ಎಂಬ ದುಃಖಕ್ಕೆ! ಒಳಗೆ ಎರಡು ಪೆಗ್ ಬಿದ್ದಾಗಲಷ್ಟೇ, ಅವರು ಬಯಸಿದಷ್ಟು ಲೋಕ ಅವರನ್ನು ಮೆಚ್ಚುತ್ತಿತ್ತೆಂದು ಕಾಣುತ್ತದೆ.

ಲಕ್ಷ್ಮೀ ನಗರದಲ್ಲಿ ಕುಡಿತ ಬಿಟ್ಟವರು ವಾರಕ್ಕೊಮ್ಮೆ ಸೇರುತ್ತಾರೆ. ಹೋಗಿ ಎಂದರೆ ಹೋಗುವ ಆಸಾಮಿಯೇ? "ಮಾಮಾ, ಅಲ್ಲಿ ನಿಮ್ಮ ಅನುಭವ ಕೇಳಬೇಕಂತಾರ," ಎಂದೆ. ಅದೇ ನಾನು ಮಾಡಿದ ತಪ್ಪು. ಇಸ್ತ್ರಿ ಮಾಡಿದ ಜುಬ್ಬಾ, ಅತ್ತರು, ಕಿಸೆಯಲ್ಲಿ ಆರು ಪುಟದ ಹಿಂದಿ ಭಾಷಣ!

ಹೋಗಿ ನೋಡಿದರೆ ವೇದಿಕೆಯಿಲ್ಲ, ಮೈಕಿಲ್ಲ. ದುಂಡಗೆ ಇಟ್ಟ ಪ್ಲಾಸ್ಟಿಕ್ ಕುರ್ಚಿಗಳು.

"ಮುಖ್ಯ ಅತಿಥಿ ಕುರ್ಚಿ ಯಾವುದೋ?" ಎಂದು ಮಾಮಾ ಪಿಸುಗುಟ್ಟಿದರು.

ಸಭೆ ನಡೆಸುತ್ತಿದ್ದವರು ಕಳಮನಾ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲರೊಬ್ಬರು. "ಬೈಠೋ ಕಾಕಾ, ಇಧರ್ ಸಬ್ ಬರೋಬರ್," ಎಂದರು.

ಎಲ್ಲರೂ ಸಮಾನರೆಂದರೆ ಮಾಮಾಗೆ ತಡೆದೀತೇ? ಆಟೋ ಹಿಡಿದು ಮನೆಗೆ ಬಂದುಬಿಟ್ಟರು. "ಹಮಾಲ ನನಗ ಬುದ್ಧಿ ಹೇಳ್ತಾನ?"

ನನ್ನಿಂದ ಎಲ್ಲ ಕೇಳಿಕೊಂಡ ಮಾಮಿ ಬದನೆಕಾಯಿ ಹೆಚ್ಚುತ್ತಲೇ ಹೇಳಿದರು: "ಅಂವ ಬಿಟ್ಟು ಒಂಬತ್ತು ವರ್ಷ ಆತಂತ. ನಿಮಗ ಒಂಬತ್ತು ದಿನ ಆಗಿಲ್ಲ. ದೊಡ್ಡಾಂವ ಯಾರ್ರಿ?"

"ಹತ್ತು ವರ್ಷ ಬಿಟ್ಟು ತೋರಸ್ತೇನಿ ನೋಡು!"

ಮರುವಾರ ತಾವೇ ಹೋದರು, ಆ ಹಮಾಲರನ್ನು ಸೋಲಿಸಲು! ನಡುವೆ ಎರಡು ಸಲ ಮತ್ತೆ ಕುಡಿದರು. ಎರಡೂ ಸಲ ತಪ್ಪು ಬೇರೆಯವರದು. ಆದರೂ ಹೋಗುವುದನ್ನು ಬಿಡಲಿಲ್ಲ.

ಕೆಲವು ತಿಂಗಳ ನಂತರ ಅವರನ್ನು ಕರೆತರಲು ಹೋಗಿದ್ದೆ. ಉಮರೇಡಿನಿಂದ ಹೊಸಬನೊಬ್ಬ ಬಂದಿದ್ದ. ಲೋಟ ನೆಟ್ಟಗೆ ಹಿಡಿಯಲಾಗದೆ ಚಹಾ ಮೈಮೇಲೆ ಚೆಲ್ಲಿಕೊಂಡ. ಮಾಮಾ ಎದ್ದು ಹೋಗಿ, ಬೇರೆ ಲೋಟ ತಂದು, ತಾವೇ ಹಿಡಿದು ಗುಟುಕು ಗುಟುಕಾಗಿ ಕುಡಿಸಿದರು. ಅವನ ಹೆಸರು ಕೇಳಿದರು. ಅವನು ಅಳುತ್ತ ಮುಕ್ಕಾಲು ಗಂಟೆ ತನ್ನ ಕಥೆ ಹೇಳಿದ. ಮಾಮಾ ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ.